ಮಳೆಯ ಮುನ್ಸೂಚನೆ ನಮ್ಮ ಮನೆಯವರೆಗೆ ಮುಟ್ಟುತ್ತಿದೆಯೇ?

ಪತ್ತನಾಜೆ ಕಳೆಯಿತೆಂದರೆ ನಮ್ಮ ಕಡೆಯ ಕೃಷಿಕನಿಗೆ ನೂರೆಂಟು ತರಾತುರಿ. ಅಂಗಳದಲ್ಲಿ ಉಳಿದ ಅಡಿಕೆಯನ್ನು ಒಳಸೇರಿಸಬೇಕು, ಕಟ್ಟಿಗೆಯನ್ನು ಕೊಟ್ಟಿಗೆಗೆ ತುಂಬಬೇಕು, ತೋಟದ ಬಸಿಗಾಲುವೆಗಳ ಹೂಳು ತೆಗೆಸಬೇಕು, ಮೈಲುತುತ್ತು ಸುಣ್ಣ ತಂದಿಡಬೇಕು, ಕೊಳೆರೋಗಕ್ಕೆ ಮದ್ದು ಬಿಡುವವರನ್ನು ಈಗಲೇ ಗೊತ್ತು ಮಾಡಿಟ್ಟುಕೊಳ್ಳಬೇಕು. ಘಟ್ಟದ ಮೇಲಿನ ಕಾಫಿಯ ಸದಸ್ಯರಿಗೆ ಮರಗಸಿಯ ಕೆಲಸ ಮುಗಿದಿರಬೇಕು. ಈ ಪಟ್ಟಿಗೆ ಇನ್ನೊಂದು ಕೆಲಸವನ್ನು ಸೇರಿಸಿಕೊಳ್ಳಿರೆಂದು ಹೇಳಲು ಈ ಲೇಖನ. ಖರ್ಚಿಲ್ಲದ ಕೆಲಸ, ಕುಳಿತಲ್ಲೇ ಅರ್ಧ ಗಂಟೆಯಲ್ಲಿ ಆಗುವಂಥದು. ಆದರೂ ಮಾಡಿದವರು ಕಡಿಮೆ.

ಕಳೆದ ಮಳೆಗಾಲದಲ್ಲಿ ನಾವು ಬೆಳ್ತಂಗಡಿ ತಾಲೂಕಿನಲ್ಲಿ ಘಟ್ಟದ ಬುಡದ ಒಂದು ಗ್ರಾಮಕ್ಕೆ ಹೋಗಿದ್ದೆವು. ಹೊಳೆಗೆ ತಾಗಿಕೊಂಡು ಎರಡೆಕರೆ ಅಡಿಕೆ ತೋಟ, ಹಿಂಬದಿಯಲ್ಲಿ ಕಡಿದಾದ ಗುಡ್ಡೆ, ನಡುವೆ ಹಂಚಿನ ಮನೆ. ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಮಾತಿನ ಮಧ್ಯೆ, "ಜೋರು ಮಳೆಯ ಎಚ್ಚರಿಕೆ ನಿಮಗೆ ಬರುತ್ತದೆಯೇ?" ಎಂದು ಕೇಳಿದೆವು. ಯಜಮಾನರು ಕಿಟಕಿಯ ಸರಳಿಗೆ ತೂಗಹಾಕಿದ್ದ ಮೊಬೈಲನ್ನು ತೋರಿಸಿದರು. ಮನೆಯಲ್ಲಿ ನೆಟ್‌ವರ್ಕು ಸಿಗುವ ಜಾಗ ಅದೊಂದೇ.

"ಬರ್ತದೆ ಮಾರಾಯ್ರೆ, ಬರದೆ ಏನು! ಆದರೆ ಇದಕ್ಕೆ ಅಲ್ಲ, ಬೆಂಗಳೂರಿನಲ್ಲಿ ಮಗನ ಫೋನಿಗೆ ಬರ್ತದೆ. ಅವ ಆಫೀಸು ಬಿಟ್ಟ ಮೇಲೆ ನಮಗೆ ಫೋನು ಮಾಡಿ, ಅಪ್ಪಾ ಅಲ್ಲಿ ಭಾರೀ ಮಳೆ ಉಂಟಂತೆ ಅಂತಾನೆ. ಅಷ್ಟು ಹೊತ್ತಿಗೆ ನಮ್ಮ ಅಂಗಳಕ್ಕೆ ನೀರು ಬಂದು ಹೋಗಿರ್ತದೆ."

ಅವರು ನಗುತ್ತಲೇ ಹೇಳಿದರು. ನಮಗೆ ನಗಲಿಕ್ಕಾಗಲಿಲ್ಲ. ವಿಚಾರಿಸಿದರೆ, ಬ್ಯಾಂಕಿಗೆ, ಪಂಚಾಯತಿಗೆ, ಬೆಳೆ ವಿಮೆಗೆ ಎಲ್ಲೆಲ್ಲೂ ಅವರು ಕೊಟ್ಟಿದ್ದುದು ಮಗನ ನಂಬರು. ಓ.ಟಿ.ಪಿ. ಬಂದರೆ ಓದಲಿಕ್ಕೆ ಅವನಿಗೇ ಸುಲಭ ಎಂಬುದು ಕಾರಣ. ನಮ್ಮ ಸಂಘಕ್ಕೂ ಅದೇ ನಂಬರು ಕೊಟ್ಟಿದ್ದರು. ಊರಿಗೆ ಮರಳಿ ಬಂದು ಸದಸ್ಯರ ಪುಸ್ತಕವನ್ನು ಬಿಡಿಸಿ ನೋಡಿದೆವು, ನಮಗೇ ನಾಚಿಕೆಯಾಯಿತು. ಎಂದೋ ವಾಪಸು ಕೊಟ್ಟ ಲ್ಯಾಂಡ್‌ಲೈನಿನ ನಂಬರುಗಳು, ತೀರಿಕೊಂಡವರ ನಂಬರುಗಳು, ಕೊಲ್ಲಿ ರಾಷ್ಟ್ರದಲ್ಲಿರುವ ಅಳಿಯನ ನಂಬರು. ರಾತ್ರಿ ಎರಡು ಗಂಟೆಗೆ ಹೊಳೆ ಏರಿತೆಂದು ತಿಳಿಸಬೇಕಾದರೆ ನಾವು ಯಾರನ್ನು ಎಬ್ಬಿಸುವುದು?

ಎಚ್ಚರಿಕೆ ಕೊಡುವ ವ್ಯವಸ್ಥೆ ಇಲ್ಲವೆಂಬ ದೂರು ಈಗ ನಿಲ್ಲುವುದಿಲ್ಲ. ವ್ಯವಸ್ಥೆ ಇದೆ. ಅದು ಮಲಗುವ ಮನೆಯವರೆಗೆ ಬರುವ ಕೊನೆಯ ಹತ್ತು ಮಾರು ದಾರಿ ಮಾತ್ರ ನಮ್ಮ ಕೈಯಲ್ಲೇ ಕಡಿದು ಬಿದ್ದಿದೆ.

1974 ಮತ್ತು 2019

ಬಂಟ್ವಾಳದ ಹಳಬರ ಬಾಯಲ್ಲಿ ಇಂದಿಗೂ ಕಾಲದ ಲೆಕ್ಕ ನಡೆಯುವುದು "ಬೊಳ್ಳದ ಮೊದಲು, ಬೊಳ್ಳದ ನಂತರ" ಎಂದು. 1974ರ ಮಳೆಗಾಲದಲ್ಲಿ ನೇತ್ರಾವತಿ ಪೇಟೆಯನ್ನೇ ನುಂಗಿದ ನೆರೆ ಅದು. ಹೊಳೆಬದಿಯ ಪೇಟೆಯಲ್ಲಿ ತಲೆಮಾರುಗಳಿಂದ ವ್ಯಾಪಾರ ಮಾಡುತ್ತಿದ್ದ ಎಷ್ಟೋ ಕುಟುಂಬಗಳು ಆ ನಂತರ ಬೇರೆ ಕಡೆಗೆ ಎದ್ದು ಹೋದವು. ಆಗ ಮುಂಚಿತವಾಗಿ ತಿಳಿಸುವವರಾದರೂ ಯಾರು? ಮಂಗಳೂರು ಆಕಾಶವಾಣಿ ಆರಂಭವಾದುದೇ 1976ರಲ್ಲಿ. ಟೆಲಿಫೋನು ಊರಿಗೆ ಒಂದೋ ಎರಡೋ. ಮೇಲಿನ ಊರಿನಿಂದ ಸುದ್ದಿ ಬರುವ ಮೊದಲು ನೀರೇ ಬರುತ್ತಿತ್ತು. ಹೊಳೆಯ ಬಣ್ಣ, ತೇಲಿ ಬರುವ ಕಸ, ಮೆಟ್ಟಿಲಿನಲ್ಲಿ ಹಾಕಿದ ಗುರುತು, ಇವಿಷ್ಟೇ ಅಂದಿನ ಮುನ್ಸೂಚನೆ. ಅದನ್ನು ಓದಬಲ್ಲ ಹಿರಿಯರು ಮನೆಯಲ್ಲಿದ್ದರೆ ಪುಣ್ಯ.

ನಲ್ವತ್ತೈದು ವರ್ಷಗಳ ಬಳಿಕ, 2019ರ ಆಗಸ್ಟ್ 9ರಂದು, ಬೆಳ್ತಂಗಡಿ ತಾಲೂಕಿನವರು ಇನ್ನೊಂದು ಬಗೆಯ ನೀರನ್ನು ಕಂಡರು. ಬಂಟ್ವಾಳದ ನೆರೆ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದು. ಇದು ಹಾಗಲ್ಲ. ಘಟ್ಟದ ನೆತ್ತಿಯಲ್ಲಿ ಗುಡ್ಡ ಜರಿದು, ಮಣ್ಣು ಕಲ್ಲು ಬೇರುಸಹಿತ ಮರಗಳೊಡನೆ ಒಮ್ಮೆಗೇ ಇಳಿದು ಬಂದ ನೀರು. ಚಾರ್ಮಾಡಿ, ಮಿತ್ತಬಾಗಿಲು, ಮಲವಂತಿಗೆ ಮೊದಲಾದ ಗ್ರಾಮಗಳಲ್ಲಿ ಹೊಳೆ ದಾರಿ ತಪ್ಪಿ ತೋಟಗಳೊಳಗೆ ಹರಿಯಿತು. ಚಾರ್ಮಾಡಿಯ ಕೊಳಂಬೆಯಲ್ಲಿ ಮನೆಗಳೇ ಹೋದವು. ಫಲ ಬರುತ್ತಿದ್ದ ಅಡಿಕೆ ತೋಟದ ಮೇಲೆ ಮರಳು ಕುಳಿತು, ತೋಟ ಯಾವುದು ಹೊಳೆ ಯಾವುದು ಎಂದು ತಿಳಿಯದಾಯಿತು. ಚಾರ್ಮಾಡಿ ಘಾಟಿಯ ರಸ್ತೆ ಅಲ್ಲಲ್ಲಿ ಜರಿದು ಸಂಚಾರ ನಿಂತಿತು. ಅದೇ ನೀರು ಕೆಳಗಿಳಿದು ಬಂಟ್ವಾಳಕ್ಕೆ ಬಂದಾಗ ನೇತ್ರಾವತಿ 8.5 ಮೀಟರಿನ ಅಪಾಯದ ಮಟ್ಟವನ್ನು ಎಷ್ಟೋ ಮೀರಿತ್ತು.

ಈ ಎರಡು ನೆರೆಗಳ ನಡುವಿನ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ಬಂಟ್ವಾಳದವರಿಗೆ ಬೇಕಾದುದು ಮೇಲಿನ ಊರಿನ ಸುದ್ದಿ; ಅವರಿಗೆ ಗಂಟೆಗಳ ಅವಕಾಶ ಸಿಗುತ್ತದೆ. ಘಟ್ಟದ ಬುಡದವರಿಗೆ ಸಿಗುವುದು ನಿಮಿಷಗಳು. ಅವರು ನೀರನ್ನು ಕಂಡ ಮೇಲೆ ಹೊರಡುವುದಲ್ಲ, ಮಳೆಯ ಎಚ್ಚರಿಕೆ ಕೇಳಿದಾಗಲೇ ಹೊರಡಬೇಕು. ಮೂಡಬಿದಿರೆಯ ಕಡೆಗೆ ಈ ಎರಡೂ ಕಡಿಮೆ, ಆದರೆ ಬಯಲು ಪದವುಗಳ ಮೇಲೆ ಸಿಡಿಲಿನ ಭಯ ಹೆಚ್ಚು. ಅದನ್ನು ಆಮೇಲೆ ಹೇಳುತ್ತೇವೆ.

ಕೇಳದೆ ಬರುವ ಎಚ್ಚರಿಕೆ, ಕೇಳಿ ಪಡೆಯುವ ಎಚ್ಚರಿಕೆ

2023ರ ಅಕ್ಟೋಬರ್ 12ರಂದು ನಮ್ಮ ರಾಜ್ಯದ ಮೊಬೈಲುಗಳು ವಿಚಿತ್ರ ಸದ್ದು ಮಾಡಿ ಕಂಪಿಸಿದ್ದು ಅನೇಕರಿಗೆ ನೆನಪಿರಬಹುದು. ಮೊಬೈಲು ಕೆಟ್ಟಿತೆಂದು ಅಂಗಡಿಗೆ ಒಯ್ದವರೂ ಇದ್ದಾರೆ! ಅದು ದೂರಸಂಪರ್ಕ ಇಲಾಖೆಯವರ ಪರೀಕ್ಷಾ ಸಂದೇಶ. ಸೆಲ್ ಬ್ರಾಡ್‌ಕಾಸ್ಟ್ ಎಂಬ ಈ ಕ್ರಮದಲ್ಲಿ ಸಂದೇಶ ಒಬ್ಬೊಬ್ಬರ ನಂಬರಿಗೆ ಹೋಗುವುದಲ್ಲ. ಅಪಾಯವಿರುವ ಪ್ರದೇಶದ ಟವರುಗಳಿಂದ ಬಾನುಲಿಯಂತೆ ಹೊರಡುತ್ತದೆ, ಆ ಟವರಿನ ಕೆಳಗಿರುವ, ಅದನ್ನು ಹಿಡಿಯಬಲ್ಲ ಎಲ್ಲ ಮೊಬೈಲುಗಳಲ್ಲೂ ಏಕಕಾಲಕ್ಕೆ ಮೂಡುತ್ತದೆ. ಇದಕ್ಕೆ ಹೆಸರು ನೋಂದಾಯಿಸಬೇಕಾಗಿಲ್ಲ. ಮಗನ ನಂಬರೋ ಅಪ್ಪನ ನಂಬರೋ ಎಂಬ ತೊಡಕೂ ಇಲ್ಲ. ಆದರೆ ಮೊಬೈಲಿನಲ್ಲಿ ಅದರ ಗುಂಡಿ ತೆರೆದಿರಬೇಕು. ಸೆಟ್ಟಿಂಗ್ಸ್‌ನಲ್ಲಿ 'ಸೇಫ್ಟಿ ಆಂಡ್ ಎಮರ್ಜೆನ್ಸಿ' ಎಂಬಲ್ಲಿ 'ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್' ಎಂದಿರುತ್ತದೆ. ಕೆಲವು ಕಂಪೆನಿಯ ಮೊಬೈಲುಗಳಲ್ಲಿ ಬೇರೆ ಕಡೆ ಅಡಗಿರುತ್ತದೆ. ಅಂದು ಸದ್ದು ಕೇಳಿ ಬೆಚ್ಚಿದವರು ಆ ಗುಂಡಿಯನ್ನು ಮುಚ್ಚಿಸಿಬಿಟ್ಟಿದ್ದರೆ ದಯವಿಟ್ಟು ಮತ್ತೆ ತೆರೆಸಿರಿ.

ಇನ್ನುಳಿದವು ನಾವೇ ಕೇಳಿ ಪಡೆಯಬೇಕಾದವು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಎಂಬ ಆ್ಯಪ್ ಇದೆ. ಹವಾಮಾನ ಇಲಾಖೆ, ಕೇಂದ್ರ ಜಲ ಆಯೋಗ, ರಾಜ್ಯದ ವಿಪತ್ತು ನಿರ್ವಹಣೆಯವರು ಹೊರಡಿಸುವ ಎಚ್ಚರಿಕೆಗಳೆಲ್ಲ ಒಂದೇ ಕಡೆ ಸಿಗುತ್ತವೆ. ಹಾಕಿಸಿಕೊಳ್ಳುವಾಗ ಅದು ನಿಮ್ಮ ಜಾಗವನ್ನು ಕೇಳುತ್ತದೆ, ಭಾಷೆಯನ್ನು ಕೇಳುತ್ತದೆ. ಎರಡಕ್ಕೂ ಅವಸರವಿಲ್ಲದೆ ಸರಿಯಾಗಿ ಉತ್ತರಿಸಬೇಕು. ಇಂಗ್ಲಿಷಿನಲ್ಲೇ ಬಿಟ್ಟರೆ, ಮೊಮ್ಮಗಳು ಶಾಲೆಯಿಂದ ಬರುವವರೆಗೆ ಸಂದೇಶ ಹಾಗೆಯೇ ಬಿದ್ದಿರುತ್ತದೆ.

ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಒಂದು ಹೆಮ್ಮೆಯಿದೆ. ಬರಗಾಲವನ್ನು ಲೆಕ್ಕವಿಟ್ಟು ನೋಡುವುದಕ್ಕೆಂದು 1988ರಲ್ಲಿ ಇಲ್ಲಿ ಒಂದು ಘಟಕ ಹುಟ್ಟಿತು. ಅದೇ ಬೆಳೆದು ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯತಿಗಳ ಆವರಣದಲ್ಲಿ ಕಂಬದ ಮೇಲೆ ಸೌರಫಲಕ ಹೊತ್ತು ನಿಂತಿರುವ ಮಳೆಮಾಪಕಗಳು ಇವರವೇ. ಕಾಲು ಗಂಟೆಗೊಮ್ಮೆ ಮಳೆಯ ಲೆಕ್ಕ ತಾನಾಗಿ ಬೆಂಗಳೂರಿಗೆ ಹೋಗುತ್ತದೆ. ಈ ಕೇಂದ್ರದ 'ವರುಣ ಮಿತ್ರ' ದೂರವಾಣಿ 92433 45433. ಸ್ಮಾರ್ಟ್ ಫೋನು ಬೇಡ, ಆ್ಯಪ್ ಬೇಡ, ಗುಂಡಿ ಒತ್ತುವ ಹಳೆಯ ಮೊಬೈಲಿನಿಂದ ಕರೆಮಾಡಿ ನಮ್ಮ ಹೋಬಳಿಯಲ್ಲಿ ಮಳೆ ಹೇಗೆ ಎಂದು ಕನ್ನಡದಲ್ಲೇ ಕೇಳಬಹುದು. ಮದ್ದು ಬಿಡುವ ಮುನ್ನಾದಿನ ಕೇಳಿ ನೋಡಿರಿ. ಬೋರ್ಡೋ ದ್ರಾವಣ ಗೊನೆಯ ಮೇಲೆ ಆರುವ ಮೊದಲೇ ಮಳೆ ಹೊಡೆದರೆ ತುತ್ತೂ ಹೋಯಿತು, ಕೂಲಿಯೂ ಹೋಯಿತು. ಘಟ್ಟದ ಮೇಲೆ ಡಿಸೆಂಬರ್, ಜನವರಿಯಲ್ಲಿ ಕಾಫಿ ಕಣದಲ್ಲಿ ಹರಡಿರುವಾಗಲೂ ಹೀಗೆಯೇ. ಇಂಥ ಸಣ್ಣ ಲಾಭಕ್ಕಾಗಿ ಒಮ್ಮೆ ಅಭ್ಯಾಸವಾದ ನಂಬರು ದೊಡ್ಡ ಆಪತ್ತಿನ ದಿನವೂ ಕೈಗೆ ಬರುತ್ತದೆಂಬುದು ನಮ್ಮ ಎಣಿಕೆ.

ಆಪತ್ತು ಬಂದೇ ಬಿಟ್ಟರೆ ಕರೆ ಮಾಡಬೇಕಾದುದು 112ಕ್ಕೆ. ಜಿಲ್ಲಾಧಿಕಾರಿಗಳ ಕಛೇರಿಯ ನಿಯಂತ್ರಣ ಕೊಠಡಿ 1077. ತಂತಿ ಕಡಿದು ಬಿದ್ದರೆ ಮೆಸ್ಕಾಂನ 1912. ಇವನ್ನು ಮೊಬೈಲಿನೊಳಗೆ ಮಾತ್ರ ಇಡಬೇಡಿ; ಕ್ಯಾಲೆಂಡರಿನ ಹಿಂದೆ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.

ಬಣ್ಣಗಳ ಲೆಕ್ಕ

ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳು ದಿನಪತ್ರಿಕೆಯಲ್ಲಿ ಬಂದು ಬಂದು ಜನರಿಗೆ ಸದರವಾಗಿಬಿಟ್ಟಿವೆ. ರೆಡ್ ಅಲರ್ಟ್ ಎಂದರೆ ಶಾಲೆಗೆ ರಜೆ ಉಂಟೋ ಇಲ್ಲವೋ ಎಂಬಷ್ಟಕ್ಕೇ ನಮ್ಮ ಆಸಕ್ತಿ ನಿಲ್ಲುತ್ತದೆ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆ ಬೀಳುವ ಜಿಲ್ಲೆಯವರು ನಾವು. "ಈ ಮಳೆಗೆಲ್ಲ ಹೆದರುವವರಲ್ಲ" ಎಂಬ ಗರ್ವವೂ ಇದೆ.

ಮನೆಯಲ್ಲಿ ಮಳೆಮಾಪಕ ಇಟ್ಟು ದಶಕಗಳಿಂದ ಪ್ರತಿದಿನ ಬೆಳಿಗ್ಗೆ ಲೆಕ್ಕ ಬರೆಯುವ ಕೃಷಿಕರು ನಮ್ಮಲ್ಲಿ ಹಲವರಿದ್ದಾರೆ. ಅವರಿಗೆ ಈ ಬಣ್ಣಗಳ ಅರ್ಥ ಬೇಗ ತಿಳಿಯುತ್ತದೆ, ಏಕೆಂದರೆ ಬಣ್ಣದ ಹಿಂದೆ ಇರುವುದು ಮಳೆಯ ಅಳತೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರು ಬಿದ್ದರೆ ಇಲಾಖೆಯ ಭಾಷೆಯಲ್ಲಿ ಭಾರೀ ಮಳೆ. ಅಲ್ಲಿಂದ 204.4ರವರೆಗೆ ಅತಿ ಭಾರೀ. ಅದನ್ನೂ ಮೀರಿದರೆ ಅತ್ಯಂತ ಭಾರೀ. ಇಂಚಿನ ಲೆಕ್ಕ ರೂಢಿಯಿರುವ ಹಿರಿಯರಿಗೆ ಹೇಳುವುದಾದರೆ ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಹಳದಿಯೆಂದರೆ ಗಮನವಿರಲಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕೂಡಲೇ ಮಾಡಬೇಕಾದುದನ್ನು ಮಾಡಿರಿ. ಹಳದಿಗೆ ನಾವು ತೋಟದ ಕೆಲಸ ನಿಲ್ಲಿಸಬೇಕಾಗಿಲ್ಲ. ಕೆಂಪಿನ ದಿನ ಹೊಳೆ ದಾಟಿ ಆಚೆ ತೋಟಕ್ಕೆ ಹೋಗುವುದು, ಪಂಪು ಬಿಚ್ಚಿ ತರಲು ನೀರಿಗಿಳಿಯುವುದು, ತೇಲಿ ಬರುವ ತೆಂಗಿನಕಾಯಿಗೂ ಮರಕ್ಕೂ ಆಸೆಪಡುವುದು ಬೇಡ. ಪಂಪು ಹೋದರೆ ಇನ್ನೊಂದು ತರಬಹುದು. ಪಂಪನ್ನು ಕಿತ್ತಳೆಯ ದಿನವೇ ಮೇಲೆ ತಂದಿಟ್ಟರೆ ಅದೂ ಉಳಿಯಿತು.

ಇನ್ನೊಂದು ಮುಖ್ಯ ವಿಷಯ. ಬಂಟ್ವಾಳ, ಪಾಣೆಮಂಗಳೂರು ಕಡೆಯ ಸದಸ್ಯರು ತಮ್ಮ ತಲೆಯ ಮೇಲಿನ ಮಳೆಯನ್ನಷ್ಟೇ ನೋಡಿದರೆ ಸಾಲದು. ಕುದುರೆಮುಖದ ಬೆಟ್ಟಸಾಲಿನಿಂದ ಇಳಿಯುವ ನೇತ್ರಾವತಿಗೆ ಬೆಳ್ತಂಗಡಿಯ ಹೊಳೆಗಳೆಲ್ಲ ಸೇರುತ್ತವೆ. ಉಪ್ಪಿನಂಗಡಿಯಲ್ಲಿ ಸುಬ್ರಹ್ಮಣ್ಯದ ಕಡೆಯಿಂದ ಬರುವ ಕುಮಾರಧಾರೆ ಕೂಡುತ್ತದೆ. ಇವೆಲ್ಲವೂ ಒಟ್ಟಾದ ಮೇಲಿನ ನೀರು ಬಂಟ್ವಾಳದ್ದು. ಬಂಟ್ವಾಳದಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ಆದಕಾರಣ ಇಲ್ಲಿನವರು ಬೆಳ್ತಂಗಡಿ, ಕಡಬ, ಪುತ್ತೂರು ತಾಲೂಕುಗಳ ಸುದ್ದಿಯನ್ನೂ, ಘಟ್ಟದಾಚೆಯ ಚಿಕ್ಕಮಗಳೂರು ಜಿಲ್ಲೆಯ ಬಣ್ಣವನ್ನೂ ನೋಡಬೇಕು. ಉಪ್ಪಿನಂಗಡಿ ಸಂಗಮದ ಬಳಿ ಪರಿಚಯದ ಒಬ್ಬರು ಫೋನಿಗೆ ಸಿಗುವವರಿದ್ದರೆ ಅದು ಯಾವ ಆ್ಯಪ್‌ಗೂ ಕಡಿಮೆಯಲ್ಲ. ಮೂಡಿಗೆರೆ ಕಡೆಯ ನಮ್ಮ ಕಾಫಿ ಸದಸ್ಯರೇ, ನಿಮ್ಮ ತೋಟದಲ್ಲಿ ಒಂದು ರಾತ್ರಿ ಎಂಟು ಇಂಚು ಬಿದ್ದರೆ ಕೆಳಗಿನವರಿಗೊಂದು ಫೋನು ಮಾಡಿರಿ. ಒಂದೇ ಸಂಘದ ಸದಸ್ಯರಾಗಿರುವುದಕ್ಕೆ ಅಷ್ಟಾದರೂ ಪ್ರಯೋಜನವಿರಲಿ.

ಸಿಡಿಲಿನ ಮಾತು

ನೆರೆಯ ಬಗ್ಗೆ ಸುದ್ದಿ ದೊಡ್ಡದಾಗುತ್ತದೆ. ಸಿಡಿಲು ಒಬ್ಬೊಬ್ಬರನ್ನೇ ಒಯ್ಯುವುದರಿಂದ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಮುಗಿಯುತ್ತದೆ. ಎಪ್ರಿಲ್, ಮೇ ತಿಂಗಳ ಸಂಜೆಗಳು, ಮತ್ತೆ ಮಳೆ ಹಿಂದೆಸರಿಯುವ ಅಕ್ಟೋಬರ್, ನವೆಂಬರದ ಸಂಜೆಗಳು ಇದರ ಕಾಲ. ಅಂಗಳದಲ್ಲಿ ಅಡಿಕೆ ಹರಡಿರುವ ಕಾಲವೂ ಅದೇ. ಮೋಡ ಕಟ್ಟಿತೆಂದರೆ ಮನೆಮಂದಿಯೆಲ್ಲ ಬಯಲಿಗೆ ಓಡುತ್ತೇವೆ. ಸಿಡಿಲಿಗೆ ಬೇಕಾದುದು ಅದೇ.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ಸಿದ್ಧಪಡಿಸಿದ 'ದಾಮಿನಿ' ಎಂಬ ಆ್ಯಪ್ ಮೊಬೈಲು ಇರುವ ಜಾಗದ ಸುತ್ತಮುತ್ತ ಸಿಡಿಲು ಬೀಳುತ್ತಿದ್ದರೆ ತಿಳಿಸುತ್ತದೆ. ಇದು ಕೆಲಸಮಾಡಬೇಕಾದರೆ ಮೊಬೈಲಿನಲ್ಲಿ ಲೊಕೇಶನ್ ತೆರೆದಿರಬೇಕು. ಬ್ಯಾಟರಿ ಉಳಿತಾಯದ ಗುಂಡಿ ಒತ್ತಿಟ್ಟರೆ ಅದು ನಿದ್ದೆಮಾಡುತ್ತದೆ. ನಮ್ಮ ಕಛೇರಿಯ ಒಬ್ಬರು ಹಾಕಿಸಿಕೊಂಡು ಎರಡು ತಿಂಗಳು ಒಮ್ಮೆಯೂ ಸದ್ದು ಬರಲಿಲ್ಲವೆಂದು ಆ್ಯಪ್‌ಗೆ ಬಯ್ಯುತ್ತಿದ್ದರು. ನೋಡಿದರೆ ಲೊಕೇಶನ್ ಮುಚ್ಚಿತ್ತು.

ಯಾವ ಆ್ಯಪ್ ಇಲ್ಲದವರಿಗೂ ಒಂದು ಲೆಕ್ಕವಿದೆ. ಮಿಂಚು ಕಂಡೊಡನೆ ಒಂದು, ಎರಡು ಎಂದು ಸೆಕೆಂಡು ಎಣಿಸಲು ಆರಂಭಿಸಿರಿ. ಪ್ರತಿ ಮೂರಕ್ಕೆ ಸುಮಾರು ಒಂದು ಕಿಲೋಮೀಟರು. ಮೂವತ್ತು ಆಗುವ ಮೊದಲೇ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಅಡಿಕೆ ಒದ್ದೆಯಾದರೆ ಆಗಲಿ, ಒಳಗೆ ಬನ್ನಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯವರೆಗೆ ಹೊರಗೆ ಹೋಗಬೇಡಿ. ಪಂಪ್‌ಶೆಡ್ಡು, ಮೂರು ಬದಿ ತೆರೆದ ಕೊಟ್ಟಿಗೆ, ಒಂಟಿ ಮರದ ಬುಡ, ತಂತಿಬೇಲಿಯ ಬದಿ ಇವು ಆಸರೆಗಳಲ್ಲ. ಈಗ ಅಡಿಕೆ ಕೊಯ್ಯಲು, ಮದ್ದು ಬಿಡಲು ಅರುವತ್ತು ಎಪ್ಪತ್ತು ಅಡಿಯ ದೋಟಿಗಳು ಬಂದಿವೆ. ಅಲ್ಯೂಮಿನಿಯಮ್ಮಿನದಾಗಲಿ ಕಾರ್ಬನ್ ಫೈಬರಿನದಾಗಲಿ ಎರಡರಲ್ಲೂ ವಿದ್ಯುತ್ತು ಹರಿಯುತ್ತದೆ. ಗುಡುಗು ಕೇಳಿದೊಡನೆ ಅದನ್ನು ನೆಲಕ್ಕೆ ಮಲಗಿಸಿ ದೂರ ಸರಿಯಬೇಕು. ಕೊನೆಗಾರರು ನಾಲ್ಕು ಮರ ಮುಗಿಸಿ ಬರುತ್ತೇವೆಂದರೆ ಯಜಮಾನರೇ ಬೇಡವೆನ್ನಬೇಕು.

ಮೊಬೈಲು ಇದ್ದರೆ ಸಿಡಿಲನ್ನು ಎಳೆಯುತ್ತದೆಂಬ ನಂಬಿಕೆಯಿಂದ ಗುಡುಗುವಾಗ ಅದನ್ನು ಆರಿಸಿಡುವವರಿದ್ದಾರೆ. ತಂತಿಯಿಲ್ಲದ ಮೊಬೈಲು ಸಿಡಿಲನ್ನು ಎಳೆಯುವುದಿಲ್ಲ. ಚಾರ್ಜಿಗೆ ಹಾಕಿ ತಂತಿಯ ಮೂಲಕ ಕಿವಿಗೆ ಹಿಡಿಯುವುದು ಅಪಾಯ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುತ್ತದೆಂಬುದೂ ತಪ್ಪು. ಕೂಡಲೇ ಮುಟ್ಟಬಹುದು, ಮುಟ್ಟಬೇಕು. ಉಸಿರು ನಿಂತಿದ್ದರೆ ಎದೆಯೊತ್ತಿ ಚಿಕಿತ್ಸೆ ನೀಡುತ್ತ 112ಕ್ಕೆ ಕರೆಯಬೇಕು.

ನಮ್ಮ ತೋಟದಲ್ಲಿ ಮಲಗುವ ಇತರರು

ಈಗ ಹೇಳುವ ಮಾತು ಸದಸ್ಯರಿಗೆ ಸ್ವಲ್ಪ ಕಹಿಯೆನಿಸಬಹುದು. 2022ರ ಜುಲೈ 6ರಂದು ಬಂಟ್ವಾಳ ತಾಲೂಕಿನ ಪಂಜಿಕಲ್ಲಿನ ಮುಕ್ಕುಡದಲ್ಲಿ ಗುಡ್ಡ ಜರಿದು, ರಬ್ಬರ್ ತೋಟದ ಕೆಲಸಕ್ಕೆಂದು ಕೇರಳದಿಂದ ಬಂದು ಉಳಿದುಕೊಂಡಿದ್ದವರ ಮೇಲೆ ಬಿತ್ತು. ಮೂವರು ತೀರಿಕೊಂಡರು. 2024ರ ಜುಲೈ 30ರಂದು ಬೆಳಕು ಹರಿಯುವ ಮೊದಲು ವಯನಾಡಿನ ಮುಂಡಕೈ, ಚೂರಲ್‌ಮಲೆಯಲ್ಲಿ ಗುಡ್ಡ ಇಳಿದಾಗ ಇನ್ನೂರಕ್ಕೂ ಮಿಕ್ಕಿ ಜನ ಹೋದರು. ಅವರಲ್ಲಿ ತೋಟದ ಕೂಲಿಕಾರರ ಮನೆಯವರೂ ಇದ್ದರು.

ನಮ್ಮ ತೋಟಗಳನ್ನು ನೋಡಿಕೊಳ್ಳೋಣ. ಮನೆಯನ್ನು ನಾವು ಗಟ್ಟಿ ಜಾಗದಲ್ಲಿ ಕಟ್ಟಿದ್ದೇವೆ. ಕೆಲಸದವರ ಶೆಡ್ಡು ಎಲ್ಲಿದೆ? ಬೇರೇನಕ್ಕೂ ಆಗದ ಜಾಗದಲ್ಲಿ, ಎಂದರೆ ಜೆ.ಸಿ.ಬಿ.ಯಿಂದ ಬರೆ ತೆಗೆದು ಸಮಮಾಡಿದ ಗುಡ್ಡೆಯ ಬುಡದಲ್ಲಿ, ಇಲ್ಲವೇ ತೋಡಿನ ಬದಿಯಲ್ಲಿ. ಅಲ್ಲಿ ಇರುವವರು ಅಸ್ಸಾಮಿನವರು, ಜಾರ್ಖಂಡಿನವರು, ಒಡಿಶಾದವರು. ಕೆಂಪು ಬಣ್ಣದ ಎಚ್ಚರಿಕೆಯನ್ನು ನಾವು ಕನ್ನಡ ಪತ್ರಿಕೆಯಲ್ಲಿ ಓದಿ ಜಗಲಿಯಲ್ಲಿ ಕುಳಿತು ಚರ್ಚೆ ಮಾಡುತ್ತೇವೆ; ಶೆಡ್ಡಿನವರಿಗೆ ಅದು ತಿಳಿಯುವುದು ಹೇಗೆ? ಅವರಲ್ಲಿ ಮೊಬೈಲು ಇದೆ. ನಮ್ಮದಕ್ಕಿಂತ ಒಳ್ಳೆಯದೇ ಇರುತ್ತದೆ. ಅವರನ್ನೂ ಒಂದು ಸಂಜೆ ಕರೆದು ಸಚೇತ್ ಹಾಕಿಸಿ, ಅವರವರು ಓದಬಲ್ಲ ಭಾಷೆಯನ್ನು ಆರಿಸಿಕೊಡಿ. ಜಾಗ ಕೇಳಿದಾಗ ತಮ್ಮ ಊರಿನ ಜಿಲ್ಲೆಯನ್ನು ಹಾಕಿಬಿಡುತ್ತಾರೆ, ಅದನ್ನು ನೋಡಿಕೊಳ್ಳಿ. ಆಮೇಲೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಡಿ: ಕೆಂಪು ಬಂದ ರಾತ್ರಿ ಶೆಡ್ಡಿನಲ್ಲಿ ಮಲಗಬೇಡಿ, ಮನೆಯ ಜಗಲಿಗೋ ಅಡಿಕೆಯ ಗೋದಾಮಿಗೋ ಬನ್ನಿ, ಕೇಳುವುದೇನೂ ಬೇಡ. ಹೀಗೆ ಮೊದಲೇ ಹೇಳದಿದ್ದರೆ ಅವರು ಮಧ್ಯರಾತ್ರಿ ಯಜಮಾನರ ಬಾಗಿಲು ತಟ್ಟಲು ಸಂಕೋಚಪಟ್ಟು ಅಲ್ಲೇ ಉಳಿಯುತ್ತಾರೆ.

ಯಾವ ಗುಡ್ಡೆ ಯಾವ ಹೊತ್ತಿಗೆ ಜರಿಯುತ್ತದೆಂದು ಯಾವ ಮೊಬೈಲೂ ಹೇಳಲಾರದು. ಅದು ಹೇಳುವುದು ಮಳೆಯನ್ನು. ಉಳಿದುದನ್ನು ಕಣ್ಣಿನಿಂದಲೇ ನೋಡಬೇಕು. ಗುಡ್ಡೆಯ ನೆತ್ತಿಯಲ್ಲಿ ಹೊಸ ಬಿರುಕು, ನೆಟ್ಟಗಿದ್ದ ಮರ ಓರೆಯಾಗುವುದು, ಎಂದೂ ಇಲ್ಲದ ಕಡೆ ಕೆಸರು ನೀರಿನ ಒಸರು. ಎಲ್ಲಕ್ಕಿಂತ ಅಪಾಯದ್ದು, ಜಡಿಮಳೆ ಸುರಿಯುತ್ತಿರುವಾಗ ತೋಡಿನ ನೀರು ಇದ್ದಕ್ಕಿದ್ದಂತೆ ಕಡಿಮೆಯಾಗುವುದು. ಮೇಲೆಲ್ಲೋ ಮಣ್ಣು ಅಡ್ಡಬಿದ್ದು ನೀರು ಕಟ್ಟಿದೆಯೆಂದು ಅದರ ಅರ್ಥ. ನೀರು ಇಳಿಯಿತೆಂದು ಸಮಾಧಾನಪಡುವ ಹೊತ್ತಲ್ಲ ಅದು. ಒಂದು ವಸ್ತುವಿಗೂ ಕೈಹಾಕದೆ ಎತ್ತರಕ್ಕೆ ಹೋಗಬೇಕಾದ ಹೊತ್ತು.

ಟವರು ಮಲಗಿದಾಗ

"ಎಲ್ಲ ಸರಿ, ಕರೆಂಟು ಹೋಗಿ ಎರಡು ದಿನವಾದರೆ ನಿಮ್ಮ ಮೊಬೈಲು ಏನು ಮಾಡ್ತದೆ?" ಎಂದು ಮಲವಂತಿಗೆಯ ಕಡೆಯ ಸದಸ್ಯರೊಬ್ಬರು ನಮ್ಮನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಟವರಿನ ಬ್ಯಾಟರಿ ಮುಗಿದರೆ ಸಂದೇಶಗಳು ಮರುದಿನ ಒಟ್ಟಿಗೆ ಬಂದು ಬೀಳುತ್ತವೆ. ಅದಕ್ಕಾಗಿಯೇ ಎಚ್ಚರಿಕೆಯನ್ನು ಮೊದಲ ದಿನವೇ ಕೇಳಿಸಿಕೊಳ್ಳಬೇಕೆನ್ನುವುದು. ಕಿತ್ತಳೆ ಕಂಡ ದಿನವೇ ಮೊಬೈಲನ್ನೂ ಟಾರ್ಚನ್ನೂ ಚಾರ್ಜು ಮಾಡಿಡಬೇಕೆನ್ನುವುದು. ಶೆಲ್ಲು ಹಾಕುವ ಒಂದು ಸಣ್ಣ ರೇಡಿಯೋ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಆ ಸದಸ್ಯರ ಬೈಲಿನಲ್ಲಿ ಅವರು ತಾವೇ ಒಂದು ಏರ್ಪಾಡು ಮಾಡಿಕೊಂಡಿದ್ದಾರೆ. ಹನ್ನೊಂದು ಮನೆಗಳು. ಮೇಲಿನ ಮನೆಯಲ್ಲಿ ನೆಟ್‌ವರ್ಕು ಚೆನ್ನಾಗಿ ಸಿಗುತ್ತದೆ, ಅಲ್ಲಿನ ಹುಡುಗಿ ಕಾಲೇಜಿಗೆ ಹೋಗುವವಳು. ಕೆಂಪು ಬಂದರೆ ಅವಳು ಕೆಳಗಿನ ಮನೆಗೆ ಹೇಳುತ್ತಾಳೆ, ಅವರು ಅದರ ಕೆಳಗಿನವರಿಗೆ. ಫೋನು ಸಿಗದಿದ್ದರೆ ಮನೆಯ ಕಂಚಿನ ಜಾಗಟೆಯನ್ನು ಬಿಡದೆ ಬಾರಿಸುವುದೆಂದು ಗೊತ್ತುಪಡಿಸಿದ್ದಾರೆ. ಹಾಸಿಗೆ ಹಿಡಿದ ಒಬ್ಬ ಅಜ್ಜಿಯನ್ನು ಯಾರು ಎತ್ತಿಕೊಳ್ಳಬೇಕು, ಹಟ್ಟಿಯ ದನಗಳ ಹಗ್ಗ ಯಾರು ಬಿಚ್ಚಬೇಕು ಎಂಬುದೂ ಮೊದಲೇ ನಿರ್ಧಾರವಾಗಿದೆ. ಕಳೆದ ವರ್ಷ ಎರಡು ಬಾರಿ ಜಾಗಟೆ ಬಾರಿಸಿ ಎಲ್ಲರೂ ಮೇಲಿನ ಮನೆಗೆ ಹೋದರಂತೆ, ಎರಡು ಬಾರಿಯೂ ಏನೂ ಆಗಲಿಲ್ಲವಂತೆ. "ಬೇಸರ ಬರಲಿಲ್ಲವೇ?" ಎಂದೆವು. "ಬಂತು. ಮತ್ತೆ, ಕಾಫಿ ಕುಡಿದು ಮಾತಾಡಿ ಬೆಳಗ್ಗೆ ಮನೆಗೆ ಬಂದೆವು. ಆಟಿಯಲ್ಲಿ ಬೇರೆ ಕೆಲಸ ಏನುಂಟು?" ಎಂದರು.

ಜೂನ್ ಮುಗಿಯುವವರೆಗೆ ಸಂಘದ ಮೂರೂ ಖರೀದಿ ಕೇಂದ್ರಗಳಲ್ಲಿ, ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳಲ್ಲಿ, ಸದಸ್ಯರ ದೂರವಾಣಿ ಪುಸ್ತಕವನ್ನು ಹೊಸತಾಗಿ ಬರೆಯುತ್ತಿದ್ದೇವೆ. ಅಡಿಕೆ ತರುವ ದಿನ ಮೊಬೈಲನ್ನೂ ತನ್ನಿ; ತೂಕ ಆಗುವಷ್ಟರಲ್ಲಿ ನಮ್ಮ ಹುಡುಗರು ಗುಂಡಿ ತೆರೆದು, ಭಾಷೆ ಬದಲಿಸಿ ಕೊಡುತ್ತಾರೆ. ಇದಕ್ಕೆ ಬ್ಯಾಂಕಿನ ಪುಸ್ತಕವಾಗಲಿ, ಆಧಾರ್ ಆಗಲಿ, ಓ.ಟಿ.ಪಿ. ಆಗಲಿ ಬೇಡ, ಯಾರಾದರೂ ಫೋನು ಮಾಡಿ ಎಚ್ಚರಿಕೆಯ ಹೆಸರಿನಲ್ಲಿ ಇವನ್ನು ಕೇಳಿದರೆ ಕೊಡಬೇಡಿ. ಮನೆಗೆ ಎರಡು ನಂಬರು ಬರೆಸಿರಿ. ಮೊದಲನೆಯದು ರಾತ್ರಿ ಆ ಮನೆಯಲ್ಲೇ ಮಲಗುವವರದು, ಎರಡನೆಯದು ಕೂಗಿದರೆ ಕೇಳುವಷ್ಟು ಹತ್ತಿರದ ನೆರೆಯವರದು. ಬೆಂಗಳೂರಿನ ಮಗನ ನಂಬರನ್ನು ಮೂರನೆಯದಾಗಿ ಬರೆದುಕೊಳ್ಳುತ್ತೇವೆ.